ಆ್ಯಪ್ ಅಳಿಸಿದರೆ ಹಣ ಕಡಿತ ನಿಲ್ಲುವುದಿಲ್ಲ: ಒಂದು ಸ್ಪಷ್ಟನೆ

ಜೂಜಿನ ತಾಣಗಳ ‘ಉಚಿತ ಪ್ರಯೋಗ’ಕ್ಕೆ ಸೇರಿದವರು ಆ್ಯಪ್ ಅಳಿಸಿದರೆ ಸಾಕು, ಖಾತೆಯಿಂದ ಹಣ ಹೋಗದು ಎಂಬ ಸಂದೇಶ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ತಪ್ಪು. ಗೋಣಿಕೊಪ್ಪದ ಬೆಳೆಗಾರರೊಬ್ಬರು ಕಾಫಿ ಕಣದಲ್ಲಿ ನಿಂತು ತೋರಿಸಿದ ಮೊಬೈಲ್‌ನಲ್ಲಿ ಆ್ಯಪ್ ಇರಲಿಲ್ಲ. ಖಾತೆಯಿಂದ ತಾನಾಗಿಯೇ ಹಣ ಕಡಿತವಾಗಲು ಕೊಟ್ಟ ಅನುಮತಿಗಳನ್ನು ತೋರಿಸುವ ಯುಪಿಐ ಆಟೋಪೇ ಪಟ್ಟಿಯಲ್ಲಿ ಮಾತ್ರ ಅವರು ಕೊಟ್ಟ ಅನುಮತಿ ಹಾಗೆಯೇ ಉಳಿದಿತ್ತು. ಅದನ್ನು ಅಲ್ಲಿಯೇ ರದ್ದುಪಡಿಸಬೇಕು. ಕಾರ್ಡ್ ವಿವರ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ತಡೆಯಬೇಕು.

ಒಪ್ಪಿಗೆಯಿಲ್ಲದೆ ಹಣ ಹೋಗಿದ್ದರೆ ದಯವಿಟ್ಟು ನಾಚಿಕೆಯಿಂದ ಮುಚ್ಚಿಡಬೇಡಿ. ತಮ್ಮ ಅಥವಾ ಬ್ಯಾಂಕಿನ ತಪ್ಪಿಲ್ಲದೆ ಮೂರನೆಯವರಿಂದಾದ ಅನಧಿಕೃತ ಕಡಿತವನ್ನು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ವಂಚನೆಯೆನಿಸಿದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಿ.