ಅಳಿಯಂದ್ರು ತಂದ ಖಾಲಿ ಚೀಲ

ದೀಪಾವಳಿಗೆ ಅಳಿಯನ ಕೈಗೆ ಅತ್ತೆ ಮನೆಯವರು ಏನಾದರೂ ಇಡೋದು ರೂಢಿ. ವಿಜಯಪುರದ ನಮ್ಮ ಮನೆಯಲ್ಲಿ ಈ ಸಲ ಉಲ್ಟಾ ಆಯಿತು. ತಂಗಿಯ ಗಂಡ ಬೆಂಗಳೂರಿನಿಂದ ಬರುವಾಗ ಎರಡು ಡಬ್ಬ ತಂದರು. ಒಂದರಲ್ಲಿ ಹೆಜ್ಜೆ ಎಣಿಸುವ ಗಡಿಯಾರ, ಇನ್ನೊಂದರಲ್ಲಿ ಚೀಲ. ಎರಡೂ ನನಗೇ. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಒಂದು ಸಲ ನನ್ನ ಹೊಟ್ಟೆ ನೋಡಿಕೊಂಡು ಸುಮ್ಮನಾದೆವು.

ಮೊದಲೆಲ್ಲ ಹಬ್ಬಕ್ಕೆ ಅಮೀನಗಡದ ಕರದಂಟು ಬರುತ್ತಿತ್ತು. ಕರದಂಟು ಕೊಟ್ಟರೆ ತಿನ್ನು ಅಂತ ಅರ್ಥ. ಈಗಿನ ಉಡುಗೊರೆಗೆ ತಿಂದದ್ದು ಸಾಕು ಅಂತ ಅರ್ಥ. ಅದೂ ಯಾವಾಗ? ಮನೆ ತುಂಬ ಕರ್ಚಿಕಾಯಿ, ಶಂಕರಪೋಳಿ, ಚಕ್ಕುಲಿ ಡಬ್ಬಗಳು ಇರುವಾಗ. ಮೊಬೈಲ್ ತೆರೆದರೆ ಸಾಕು, 'ಫಿಟ್‌ನೆಸ್ ಪ್ರಿಯರಿಗೆ ಹಬ್ಬದ ಉಡುಗೊರೆ' ಅಂತ ಸಾಲುಸಾಲು ಜಾಹೀರಾತು. ಎಳೆಯೋಕೆ ರಬ್ಬರ್ ಪಟ್ಟಿ, ಹೊರಳಾಡೋಕೆ ಸ್ಪಂಜಿನ ಉರುಳೆ. ಮೈ ನೋವಿಗೆ ಗೋಡೆ ಕೊರೆಯುವ ಡ್ರಿಲ್ಲಿನಂಥದ್ದೊಂದು ಯಂತ್ರ. ಎಷ್ಟು ಗಂಟೆಗೆ ಎಷ್ಟು ನೀರು ಕುಡಿಯಬೇಕು ಅಂತ ಗೆರೆ ಹಾಕಿದ ಬಾಟಲಿಯೂ ಇದೆ. ಆ ಬಾಟಲಿಗೆ ನಮ್ಮ ಓಣಿಯ ನಳದ ಟೈಮ್ ಗೊತ್ತಿಲ್ಲ, ಪಾಪ. ನಳ ಬಂದ ದಿನ ಹನ್ನೆರಡು ಕೊಡ ಮಹಡಿ ಹತ್ತಿಸುವ ಹೆಂಗಸಿಗೆ ರಬ್ಬರ್ ಪಟ್ಟಿ ಕೊಟ್ಟರೆ ಅದರಿಂದ ಹಾಸಿಗೆ ಕಟ್ಟಿ ಇಡುತ್ತಾಳೆ, ಅಷ್ಟೇ.

ಪಕ್ಕದ ಮನೆಯವರಿಗೆ ಹೋದ ವರ್ಷ ಮಗ ಟ್ರೆಡ್‌ಮಿಲ್ ಕೊಡಿಸಿದ್ದ. ಅದರ ಹಿಡಿಕೆ ಮೇಲೆ ಈಗ ಟವೆಲ್ ಒಣಗುತ್ತವೆ, ಪಟ್ಟಿ ಮೇಲೆ ಸಂಡಿಗೆ. ನನಗೇನೂ ಬೇಜಾರಿಲ್ಲ. ಆ ಯಂತ್ರದ ಪೂರ್ವಜನ ಕಥೆ ಇನ್ನೂ ಚೆನ್ನಾಗಿದೆ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರ್ ಜೈಲಿನ ಕೈದಿಗಳು ಖಾಲಿ ಕೂರಬಾರದು ಅಂತ ಮೆಟ್ಟಿಲಿರುವ ದೊಡ್ಡ ಗಾಲಿ ಮಾಡಿದ. ಅವರು ಹತ್ತುತ್ತಲೇ ಇರಬೇಕು, ಎಲ್ಲಿಗೂ ತಲುಪಬಾರದು. ಕೆಲವು ಕಡೆ ಅದರಿಂದ ಹಿಟ್ಟು ಬೀಸಿದರು, ನೀರು ಎತ್ತಿದರು. ಕೊನೆಗೆ ಇದು ತೀರಾ ಕ್ರೂರ ಅಂತ ಅನಿಸಿ 1898ರಲ್ಲಿ ಕಾನೂನು ಮಾಡಿ ಕೈಬಿಟ್ಟರು. ಕೈದಿಗಳಿಗೆ ಶಿಕ್ಷೆ ಮಾತ್ರ ಇತ್ತು, ನಮಗೆ ಇಎಂಐ ಕೂಡ ಇದೆ.

ಈಗ ಚೀಲದ ವಿಷಯ. ಕ್ಯಾನ್ವಾಸಿನದು, ನಾಲ್ಕು ಕಡೆ ಗಟ್ಟಿ ಹಿಡಿಕೆ, ಉದ್ದಕ್ಕೂ ಝಿಪ್. ಮೇಲೆ '20 ಕಿಲೋ' ಅಂತ ದಪ್ಪಕ್ಷರ. ಬಿಚ್ಚಿ ನೋಡಿದರೆ ಖಾಲಿ! ಉಸುಕು ನಾವೇ ತುಂಬಿಕೊಂಡು, ಎತ್ತಿ ಇಳಿಸಿ ವ್ಯಾಯಾಮ ಮಾಡಬೇಕಂತೆ. ಖಾಲಿ ಚೀಲಕ್ಕೆ 1,800 ರೂಪಾಯಿ ಅಂದಾಗ ಅವ್ವನ ಕಣ್ಣು ಅಳಿಯಂದ್ರ ಮುಖದಿಂದ ಚೀಲಕ್ಕೆ, ಚೀಲದಿಂದ ಮತ್ತೆ ಮುಖಕ್ಕೆ ಓಡಾಡಿತು. ಅಳಿಯ ಕೊಟ್ಟದ್ದು, ಏನೂ ಅನ್ನುವಂತಿಲ್ಲ. ನಾನು ಎದುರಿಗೆ ಮನೆ ಕಟ್ಟುವವರ ಹತ್ತಿರ ಎರಡು ಬುಟ್ಟಿ ಉಸುಕು ಕೇಳೋಕೆ ಹೊರಟೆ. ಅವ್ವ ತಡೆದಳು.

"ಮನಿಯೊಳಗ ಉಸುಕ ತರಬ್ಯಾಡ, ನೆಲ ಎಲ್ಲ ಕರಕರ ಅಂತೈತಿ. ಜ್ವಾಳ ತುಂಬು."

ಡೋಣಿ ಹೊಳೆ ಸೀಮೆಯ ಬಿಳಿ ಜೋಳ ತುಂಬಿದೆವು. ಉಸುಕಿನ ತೂಕ ಜೋಳಕ್ಕೆಲ್ಲಿ ಬರಬೇಕು, 12 ಕಿಲೋಗೇ ಚೀಲ ಬಿಗಿಯಾಯಿತು. ಶುರುವಿಗೆ ಸಾಕು ಅಂದುಕೊಂಡೆ. ಮೊದಲ ದಿನ ಐದು ಸಲ ಎತ್ತಿ ಮಂಚದ ಮೇಲೆ ಅಂಗಾತ ಬಿದ್ದೆ. ಅಷ್ಟರಲ್ಲಿ ನೆನಪಾದದ್ದು ಎಪಿಎಂಸಿಯ ಹಮಾಲರು. 50 ಕಿಲೋ ಚೀಲ ಬೆನ್ನಿಗೆ ಹಾಕಿಕೊಂಡು ಲಾರಿಗೆ ಹತ್ತುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಅವರಿಗೆ ಯಾರೂ ಹಬ್ಬಕ್ಕೆ ಚೀಲ ಕೊಡುವುದಿಲ್ಲ, ಪುಣ್ಯ.

ಪಾಡ್ಯದ ದಿನ ಅಳಿಯಂದ್ರನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಅಳಿಯಂದ್ರು ತಿಂಗಳಿಗಿಷ್ಟು ಅಂತ ಕೊಟ್ಟು ಜಿಮ್ಮಿಗೆ ಹೋಗುವವರು. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು, ಏಳು ಅಂತಸ್ತು, ಒಂದೊಂದು ಮೆಟ್ಟಿಲೂ ಮೊಣಕಾಲಿಗೆ ಬರುವಷ್ಟು ಅನಿಸುತ್ತೆ. ನಾಲ್ಕನೇ ಅಂತಸ್ತಿನ ತನಕ ನನಗೆ ಪ್ರೋಟೀನಿನ ಪಾಠ ಹೇಳಿದರು. ಐದರಿಂದ ಪಾಠ ನಿಂತಿತು. ಪಿಸುಮಾತಿನ ಗ್ಯಾಲರಿಯಲ್ಲಿ ಇಬ್ಬರೂ ಗೋಡೆ ಹಿಡಿದು ನಿಂತೆವು. ಅಲ್ಲಿ ಕಾಗದ ಹರಿದರೂ ಆ ಕಡೆಯವರಿಗೆ ಕೇಳುತ್ತೆ, ನಮ್ಮ ಏದುಸಿರು ಬಿಟ್ಟೀತೇ? ಎದುರು ದಂಡೆಯ ಒಬ್ಬ ಹುಡುಗ ತನ್ನ ಅಪ್ಪನ ಅಂಗಿ ಹಿಡಿದು ಜಗ್ಗಿದ. "ಅಪ್ಪಾ, ಗೋರಿಯೊಳಗ ಯಾರೋ ಉಸಿರ ಬಿಡಾಕತ್ತಾರ!"

ಇಷ್ಟೆಲ್ಲ ಆಗಿ ಗಡಿಯಾರ ನೋಡಿದರೆ ಸುಮಾರು 3,000 ಹೆಜ್ಜೆ. ಗುರಿ 10,000. ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ತಂದಿತು. ಹೆಸರು ಮಾನ್‌ಪೊ-ಕೇ, ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಅಂಗಡಿಯವರು ಇಟ್ಟ ಹೆಸರು ಇವತ್ತು ನಮ್ಮ ಕಾಲೊನಿಯ ವಾಟ್ಸಾಪ್ ಗ್ರೂಪಿನ ಧರ್ಮ. ದಿನಾ ರಾತ್ರಿ ಒಂಬತ್ತಕ್ಕೆ ಲೆಕ್ಕ ಒಪ್ಪಿಸಬೇಕು. ಗ್ರೂಪಿನ ಅಡ್ಮಿನ್ ಸಾಹೇಬರು ಸ್ಟೇಡಿಯಂಗೆ ಕಾರಲ್ಲಿ ಹೋಗಿ ನಡೆದು, ಕಾರಲ್ಲೇ ವಾಪಸ್ ಬರುತ್ತಾರೆ. ಸ್ಟೇಡಿಯಂ ಅವರ ಗೇಟಿನಿಂದ ಕಾಣುತ್ತೆ. ಹೋದ ತಿಂಗಳು ಲಕ್ಷದ ಸೈಕಲ್ಲೂ ಬಂತು, ಅದು ಕಾರಿನ ನೆತ್ತಿ ಮೇಲೆ ಕೂತು ಬೈಪಾಸಿಗೆ ಹೋಗುತ್ತೆ. ದೇಶಕ್ಕೆಲ್ಲ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ನಮ್ಮದು. ಆ ಹುಡುಗರು ಹಳ್ಳಿ, ತಾಂಡಾಗಳಿಂದ ಬಂದವರು, ಸೈಕಲ್ಲನ್ನು ಹೊತ್ತವರಲ್ಲ, ತುಳಿದವರು.

ಒಂದು ದಿನ ಸ್ನಾನಕ್ಕೆ ಹೋಗುವಾಗ ಗಡಿಯಾರ ಬಿಚ್ಚಿ ಕಟ್ಟೆ ಮೇಲೆ ಇಟ್ಟಿದ್ದೆ. ಮೊಮ್ಮಕ್ಕಳ ಕೈಗೆ ಸಿಗಬಾರದು ಅಂತ ಅವ್ವ ಅದನ್ನು ತನ್ನ ಬಳೆಗಳ ಮೇಲೆ ಕಟ್ಟಿಕೊಂಡು ರೊಟ್ಟಿ ಬಡಿಯೋಕೆ ಕೂತಳು. ಪಟಪಟ, ಪಟಪಟ. ಒಂದು ಅಂಗುಲ ಸರಿಯಲಿಲ್ಲ. ಮೂವತ್ತು ರೊಟ್ಟಿ ಮುಗಿಯುವಷ್ಟರಲ್ಲಿ ಹಿಟ್ಟು ಮೆತ್ತಿದ ಗಾಜಿನ ಮೇಲೆ 2,900 ಹೆಜ್ಜೆ! ಒಳಗಿರೋದು ಅಲುಗಾಟ ಅಳೆಯುವ ಸಣ್ಣ ಸೆನ್ಸಾರ್. ಅದಕ್ಕೆ ಕೈ ಗೊತ್ತು, ಕಾಲು ಕಾಣಲ್ಲ.

ಮಾರನೇ ದಿನದಿಂದ ಗಡಿಯಾರ ಕಟ್ಟೋ ಕೆಲಸ ನಾನೇ ಮಾಡಿದೆ. ರೊಟ್ಟಿ ಆದ ಮೇಲೆ ಕಸ, ಮುಸುರೆ, ಬಟ್ಟೆ. ಸಂಜೆಯೊಳಗೆ ಹತ್ತು ಸಾವಿರ ದಾಟುತ್ತಿತ್ತು. ಗ್ರೂಪಿನಲ್ಲಿ ಸತತ ಎರಡು ವಾರ ನಾನೇ ಮೊದಲು. ಅಡ್ಮಿನ್ ಸಾಹೇಬರು ಗುಟ್ಟೇನು ಅಂತ ಕೇಳಿದರು. "ನಸುಕಿನ್ಯಾಗ ಏಳಬೇಕ್ರಿ" ಅಂದೆ. ಸುಳ್ಳಲ್ಲ, ಅವ್ವ ಐದಕ್ಕೇ ಏಳುತ್ತಾಳೆ.

ಚೀಲದಲ್ಲೂ ಪ್ರಗತಿ ಜೋರಾಗಿತ್ತು. ಎರಡನೇ ವಾರ ಹತ್ತು ಸಲ ಎತ್ತಿದೆ, ಮೂರನೇ ವಾರ ಇಪ್ಪತ್ತೈದು. ಕನ್ನಡಿ ಮುಂದೆ ತೋಳು ಮಡಚಿ ನೋಡಿಕೊಂಡೆ. ಏನೂ ಕಾಣಲಿಲ್ಲ, ಆದರೂ ಒಳಗೊಳಗೇ ಗಟ್ಟಿಯಾಗುತ್ತಿರಬೇಕು ಅಂತ ಸಮಾಧಾನ. ನಾಲ್ಕನೇ ವಾರ ಬಗ್ಗಿ ಹಿಡಿದರೆ ಚೀಲ ಒಂದೇ ಕೈಯಲ್ಲಿ ತಲೆ ಮೇಲೆ ಹೋಯಿತು. ಝಿಪ್ ಜಗ್ಗಿದೆ. ತಳದಲ್ಲಿ ಎರಡು ಹಿಡಿ ಕಾಳು.

"ಅವ್ವಾ, ಇದರಾಗಿನ ಜ್ವಾಳ ಎಲ್ಲಿ?"

"ಇಷ್ಟ ದಿನ ಏನ್ ತಿಂದಿ?"

ಆಗಲೇ ಬೆಂಗಳೂರಿನಿಂದ ಫೋನ್ ಬಂತು. ಅವ್ವ ಹಿಟ್ಟಿನ ಕೈಯಲ್ಲೇ ಎತ್ತಿದಳು. "ಚೀಲ ಭಾಳ ಚಲೋ ಐತ್ರಿ ಅಳಿಯಂದ್ರ. ಹಿಡಿಕಿ ಗಟ್ಟಿ ಅದಾವು, ಗಿರಣಿಗೆ ಒಯ್ಯಾಕ ಬರೋಬ್ಬರಿ ಆಗೈತಿ. ಬರೂ ಹಬ್ಬಕ್ಕ ಇನ್ನೊಂದ್ ತರ್ರಿ, ಗೋದಿಗಿ ಬೇಕು."