ನಕ್ಷತ್ರ ನೋಡಿ ಆಪರೇಷನ್ ಮಾಡಿಸುವವರು ಯಾರು?

ಸಿಸೇರಿಯನ್ ಹೆಚ್ಚಲು ಡಾಕ್ಟರುಗಳ ದುಡ್ಡಿನಾಸೆಯೇ ಕಾರಣ ಅಂತ ಹೇಳುವ ಒಂದು ಲೇಖನ ಓದಿದೆ. ಅರ್ಧ ಒಪ್ಪುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ಬಸುರಿಯರ ಹೊಟ್ಟೆ ಎರಡೂ ಕಡೆ ಒಂದೇ ತಾನೆ?

ಆದರೆ ನಮ್ಮ ಮನೆಯಲ್ಲೇ ಆಗಿದ್ದು ಕೇಳಿ. ಜೋಯಿಸರು ಒಳ್ಳೆಯ ನಕ್ಷತ್ರ ಹೇಳಿದರೂಂತ ನಾದಿನಿಗೆ 37 ವಾರಕ್ಕೇ ಆಪರೇಷನ್ ಮಾಡಿಸಿದರು. ಡಾಕ್ಟರಮ್ಮ ಇನ್ನೆರಡು ವಾರ ಕಾಯಿರಿ ಅಂದರೂ ಅತ್ತೆ ಕೇಳಲಿಲ್ಲ. ಕೂಸಿಗೆ ಏದುಸಿರು, ನಾಲ್ಕು ದಿನ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ. ನೋವು ಬಂದಾಗಲೇ ಮಗುವಿನ ಶ್ವಾಸಕೋಶದ ನೀರು ಇಂಗಲು ಶುರುವಾಗುವುದಂತೆ. ನೋವೇ ಬಾರದೆ, ಅದೂ 39 ವಾರಕ್ಕೆ ಮೊದಲೇ ತೆಗೆದರೆ ಈ ತೊಂದರೆ ಜಾಸ್ತಿ. ರಾಜಯೋಗದ ಜಾತಕ, ಮೂಗಿಗೆ ಆಕ್ಸಿಜನ್ ನಳಿಗೆ!

ತಾಯಿಗಾಗುವ ಅಪಾಯದ ವಿಷಯವನ್ನು ಆ ಲೇಖನದಲ್ಲಿ ತೇಲಿಸಿಬಿಟ್ಟಿದ್ದಾರೆ. ರಕ್ತಸ್ರಾವ, ಸೋಂಕು ಸರಿ. ಮುಂದಿನ ಬಸುರಿನಲ್ಲಿ ಮಾಸು (ಪ್ಲಾಸೆಂಟಾ) ಹಳೆಯ ಗಾಯಕ್ಕೇ ಅಂಟಿ ಬೆಳೆದು ಬಿಡಿಸಲು ಬಾರದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಪ್ರತಿ ಸಿಸೇರಿಯನ್‌ಗೂ ಈ ಅಪಾಯ ಏರುತ್ತದೆ. ಅಪಾಯ ಬರುವುದು ಕತ್ತರಿಯಿಂದ ಮಾತ್ರವೂ ಅಲ್ಲ: 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ, ನರಕ್ಕೆ ಏರಿಸುವ ಲವಣದ ನೀರಿನ ಡ್ರಿಪ್ ಮೇಲೆ.

ಹಾಗಂತ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಾಗ, ಮಗುವಿನ ಎದೆಬಡಿತ ಇಳಿದಾಗ ನಾರ್ಮಲ್ಲೇ ಆಗಬೇಕು ಅಂತ ಹಟ ಹಿಡಿಯುವವರಿಗೂ ನನ್ನ ನಮಸ್ಕಾರ. ನನ್ನನ್ನು ಉಳಿಸಿದ್ದೂ ಅದೇ ಕತ್ತರಿ.