ಸತ್ಯಾಂಶ: ‘ಐಪಿ68’ ಗುರುತಿನ ಟಾರ್ಚ್ ಸ್ಕೂಬಾ ಡೈವಿಂಗ್‌ಗೆ ಸಾಕೇ?

‘ಐಪಿ68 ಗುರುತಿರುವ ಯಾವುದೇ ಸಣ್ಣ ಟಾರ್ಚನ್ನು ಸ್ಕೂಬಾ ಡೈವಿಂಗ್‌ನಲ್ಲಿ ಬದಲಿ ದೀಪವಾಗಿ ಬಳಸಬಹುದು, ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಹೆಚ್ಚಿದ್ದರಾಯಿತು’ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ಸರಿಯಲ್ಲ.

ಐಪಿ ಎಂಬುದು ಉಪಕರಣದೊಳಕ್ಕೆ ದೂಳು ಮತ್ತು ನೀರು ನುಗ್ಗದಂತೆ ಇರುವ ರಕ್ಷಣೆಯ ಮಟ್ಟವನ್ನು ತಿಳಿಸುವ ಗುರುತು. ನೀರಿಗೆ ಸಂಬಂಧಿಸಿದ 8 ಎಂಬ ಅಂಕೆಯು, ತಯಾರಕರು ತಾವೇ ನಮೂದಿಸಿದ ಆಳ ಮತ್ತು ಅವಧಿಯವರೆಗೆ ಉಪಕರಣವು ನೀರಿನಲ್ಲಿ ಮುಳುಗಿರಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಆ ಆಳ ಕೇವಲ 2 ಮೀಟರ್ ಇದ್ದರೂ ಗುರುತು ಅದೇ ಆಗಿರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಸೇರಿಕೊಳ್ಳುವುದರಿಂದ, 30 ಮೀಟರ್ ಆಳದಲ್ಲಿ ದೀಪದ ಮೇಲೆ ಮೇಲ್ಮೈಯಲ್ಲಿರುವುದರ ಸುಮಾರು ನಾಲ್ಕು ಪಟ್ಟು ಒತ್ತಡ ಬೀಳುತ್ತದೆ, ಮತ್ತು ಸಾಧಾರಣ ಟಾರ್ಚಿನ ರಬ್ಬರ್ ಗುಂಡಿಯನ್ನು ಅದಕ್ಕಾಗಿ ರೂಪಿಸಿರುವುದಿಲ್ಲ. ಆದ್ದರಿಂದ ಆಳದ ಮಿತಿಯನ್ನು ಮೀಟರ್‌ಗಳಲ್ಲಿ ಸ್ಪಷ್ಟವಾಗಿ ಹೇಳಿರುವ ಡೈವಿಂಗ್ ದೀಪವನ್ನೇ ಆರಿಸಬೇಕು.

ಮುಖ್ಯ ದೀಪ ಕೆಟ್ಟಾಗ ಬೇಕಾಗುವುದು ಜೊತೆಗಾರರಿಗೆ ಸಂಕೇತ ಕೊಡಲು, ಆಳ ಮತ್ತು ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಗೇಜ್ ಓದಲು ಮತ್ತು ಸುರಕ್ಷಿತವಾಗಿ ಮೇಲೇರಲು ಸಾಕಾಗುವಷ್ಟು ಬೆಳಕು. ಇದಕ್ಕೆ ಪ್ರಖರತೆಗಿಂತ ದೀರ್ಘಕಾಲ ಉರಿಯುವ ಗುಣವೇ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಕೈಗವಸು ತೊಟ್ಟ ಒಂದೇ ಕೈಯಿಂದ ಅದನ್ನು ಹೊತ್ತಿಸಲು ಬರಬೇಕು. ಡೈವ್‌ಗೆ ಮುನ್ನ ಓ-ರಿಂಗ್ (ದೀಪದೊಳಗೆ ನೀರು ಬಾರದಂತೆ ತಡೆಯುವ ರಬ್ಬರ್ ಉಂಗುರ) ಮೇಲೆ ಕೂದಲೆಳೆಯಾಗಲಿ ಮರಳಿನ ಕಣವಾಗಲಿ ಕೂತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಉತ್ತಮ ದೀಪದೊಳಕ್ಕೂ ನೀರು ನುಗ್ಗಲು ಅಷ್ಟು ಸಾಕು.